ಅಣ್ಣನ ಹೆಸರಲ್ಲಿ ಕೊಟ್ಟ ರಕ್ತ

ಅಡುಗೆಮನೆಯ ಮೇಜಿನಿಂದ,
ಗುರುವಾರ, ಹನ್ನೆರಡನೇ ತಾರೀಖು

ಪ್ರೀತಿಯ ಮೈದುನ ಸ್ಪ್ಯಾನರ್‌ಗೆ,

ಅತ್ತಿಗೆಯ ಆಶೀರ್ವಾದ. ಇವತ್ತಿನ ಆಶೀರ್ವಾದ ಇಷ್ಟೇ, ಮುಂದಿನದೆಲ್ಲ ಬೈಗುಳ. ಗ್ಯಾರೇಜಿನ ಷಟರ್ ಅರ್ಧ ಎಳೆದು, ಕೈ ಒರೆಸಿಕೊಂಡು, ಒಂದು ಕಡೆ ಕೂತು ಓದು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ನಿನ್ನ ಕೈಗೆ ಸದಾ ಗ್ರೀಸು, ಫೋನು ಸದಾ ಸ್ಪೀಕರಿನಲ್ಲಿ, ಸುತ್ತ ಗಾಡಿ ಬಿಟ್ಟು ಹರಟೆ ಹೊಡೆಯುವ ಗಿರಾಕಿಗಳು. ಇದು ಅವರೆಲ್ಲ ಕೇಳುವ ಮಾತಲ್ಲ. ನಿನ್ನಣ್ಣನೇ ಹೇಳಲಿ ಅಂತ ಕಾದೆ. ಅವರು ಮೂರು ಸಲ ನಿನಗೆ ಫೋನು ಮಾಡಿದಾಗಲೂ ನಾನು ಪಕ್ಕದಲ್ಲೇ ನಿಂತಿದ್ದೆ. ಊಟ ಆಯ್ತಾ ಅಂದರು, ವ್ಯಾಪಾರ ಹೆಂಗಿದೆ ಅಂದರು, ನಮ್ಮ ಸ್ಕೂಟರು ಯಾಕೋ ಕೆಮ್ಮುತ್ತೆ ಕಣೋ ಅಂದರು, ಇಟ್ಟುಬಿಟ್ಟರು. ನಮ್ಮ ಸ್ಕೂಟರಿಗೆ ಏನೂ ಆಗಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇದೆ ನನಗೆ.

ಎರಡು ತಿಂಗಳ ಹಿಂದೆ, ನಿನ್ನಣ್ಣ ಕ್ರೇನು ಓಡಿಸುವ ಕಂಟೇನರ್ ಯಾರ್ಡಿನ ವಾರ್ಷಿಕ ಆರೋಗ್ಯ ತಪಾಸಣೆಗೆ ಅವರ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಹೋಗಿ ರಕ್ತ ಕೊಟ್ಟುಬಂದವನು ನೀನು. ಇಲ್ಲ ಅನ್ನಬೇಡ, ನನಗೆ ಎಲ್ಲ ಗೊತ್ತಾಗಿದೆ. ಸಕ್ಕರೆ ಕಾಯಿಲೆ ಹೊರಬಿದ್ದರೆ ಕ್ರೇನಿನಿಂದ ಇಳಿಸಿ ಗೇಟಿನಲ್ಲಿ ಕೂರಿಸುತ್ತಾರೆ ಅಂತ ಅವರಿಗೆ ದಿಗಿಲು. ಇಬ್ಬರದೂ ಒಂದೇ ಅಚ್ಚಿನ ಮುಖ, ಒಂದೇ ಬೋಳುತಲೆ, ಒಂದೇ ಮೀಸೆ. ಐವತ್ತು ದಾಟಿದ ಇಬ್ಬರು ಗಂಡಸರು, ಪರೀಕ್ಷೆಗೆ ಬೇರೆಯವನನ್ನು ಕೂರಿಸುವ ಪುಂಡ ಹುಡುಗರ ಹಾಗೆ, ನನ್ನ ಕಿವಿಗೆ ಬೀಳದಂತೆ ಕೆಲಸ ಮುಗಿಸಿದಿರಿ.

ಸಕ್ಕರೆ ಇಲ್ಲ ಅಂತ ವರದಿ ಬಂತು. ಆದರೆ ಐವತ್ತು ದಾಟಿದವರಿಗೆಂದು ಕಂಪನಿ ಈ ವರ್ಷ ಇನ್ನೊಂದು ಪರೀಕ್ಷೆ ಸೇರಿಸಿತ್ತು. ಪಿಎಸ್‌ಎ ಅಂತ ಅದರ ಹೆಸರು, ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ್ದು. ಸಾಮಾನ್ಯವಾಗಿ ನಾಲ್ಕರೊಳಗೆ ಇರಬೇಕಾದದ್ದು ಹನ್ನೊಂದು ಇತ್ತು. ಕ್ಯಾನ್ಸರ್ ಇರಬಹುದು, ತಜ್ಞರಿಗೆ ತೋರಿಸಿ ಅಂದರು ಕಂಪನಿ ಡಾಕ್ಟರು. ನನಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ನಿನ್ನಣ್ಣ ಮಾತ್ರ ಏನಾಗಲ್ಲ ಬಿಡೇ ಅಂತ ಗಡದ್ದಾಗಿ ಉಂಡು ಮಲಗುತ್ತಿದ್ದರು. ಎಂಥ ಗಟ್ಟಿ ಗುಂಡಿಗೆ ನನ್ನ ಗಂಡನದು ಅಂತ ಹೆಮ್ಮೆ ಬೇರೆ ಪಟ್ಟೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ.

ತಜ್ಞರು ಕೈಗವಸು ಹಾಕಿಕೊಂಡು ಹಿಂದಿನಿಂದ ಬೆರಳು ತೂರಿಸಿ ಗ್ರಂಥಿ ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಿದರು. ಅಷ್ಟಾದರೂ ನಿನ್ನಣ್ಣ ನಿಜ ಬಾಯಿ ಬಿಡಲಿಲ್ಲ. ಮತ್ತೆ ರಕ್ತ ತೆಗೆಸಿದರು. ಈ ಸಲ ಒಂದು ಚಿಲ್ಲರೆ ಬಂತು. ಸೋಂಕಿದ್ದರೆ ಏರಿ ಇಳಿಯುವುದುಂಟು, ಆದರೆ ಇಷ್ಟೊಂದು ಇಳಿದದ್ದು ವಿಚಿತ್ರ, ಮಾತ್ರೆ ಏನಾದರೂ ತಗೊಂಡ್ರಾ ಅಂತ ತಜ್ಞರು ಕೇಳಿದರು. ನಾನು ಆಚೆ ಬಂದು ಖುಷಿಗೆ ಅತ್ತೆ. ಆಗ ನಿನ್ನಣ್ಣ ಲಿಫ್ಟಿನ ಮುಂದೆ ನಿಂತು, ನೆಲ ನೋಡುತ್ತಾ, ಮೊದಲು ಕೊಟ್ಟದ್ದು ನನ್ನ ರಕ್ತ ಅಲ್ಲ ಕಣೇ ಅಂದರು.

ಆ ಹನ್ನೊಂದು ನಿನ್ನದಪ್ಪಾ. ಮೊದಲ ದಿನದಿಂದ ಇವರಿಗೆ ಗೊತ್ತಿತ್ತು. ಲ್ಯಾಬಿನವರದೇ ತಪ್ಪಿರಬೇಕು ಅಂದುಕೊಂಡರಂತೆ. ನಿಜ ಹೇಳಿದರೆ ಕ್ರೇನು ಹೋಗುತ್ತೆ, ಹೇಳದಿದ್ದರೆ ತಮ್ಮ ಹೋಗ್ತಾನೆ, ಇಷ್ಟು ಲೆಕ್ಕ ಬರಲ್ವಾ ನಿಮಗೆ ಅಂತ ಆಸ್ಪತ್ರೆಯ ಪಡಸಾಲೆಯಲ್ಲೇ ಕೂಗಾಡಿದೆ. ನರ್ಸು ಬಂದು ಮೆತ್ತಗೆ ಮಾತಾಡಿ ಅಂದಳು.

ಈಗ ನನಗೇನೂ ಆಗಿಲ್ಲ, ಕಲ್ಲುಗುಂಡಿನ ಹಾಗಿದ್ದೀನಿ ಅಂತ ಶುರು ಮಾಡಬೇಡ. ಮೊದಮೊದಲು ಇದು ಏನನ್ನೂ ತೋರಿಸಿಕೊಳ್ಳುವುದೇ ಇಲ್ಲವಂತೆ. ಹಾಗಂತ ಈಗಲೇ ಹೆಂಡತಿಯ ಮುಂದೆ ಅಳಬೇಡ. ಗಾಡಿಯ ಮೀಟರಿನಲ್ಲಿ ಆಯಿಲ್ ಕಡಿಮೆ ಅನ್ನುವ ಕೆಂಪು ದೀಪ ಹತ್ತಿತು ಅಂದರೆ ಎಂಜಿನ್ ಹೋಯಿತು ಅಂತಲ್ಲ, ಬಿಚ್ಚಿ ನೋಡು ಅಂತ. ದೀಪ ಹತ್ತಿದರೂ ಓಡಿಸಿಕೊಂಡು ಬರುವವರಿಗೆ ನೀನು ಎಷ್ಟು ಬೈಯುತ್ತೀಯ, ನಾನೇ ಕೇಳಿದ್ದೇನೆ. ವಯಸ್ಸಿಗೆ ಗ್ರಂಥಿ ಊದಿಕೊಂಡರೂ, ಸೋಂಕಾದರೂ ಈ ಅಂಕಿ ಏರುತ್ತದೆ. ಅದಕ್ಕೇ ಮತ್ತೊಮ್ಮೆ ರಕ್ತ ನೋಡುತ್ತಾರೆ, ಸ್ಕ್ಯಾನ್ ಮಾಡುತ್ತಾರೆ. ಅನುಮಾನ ಉಳಿದರೆ ಸೂಜಿಯಿಂದ ಅಲ್ಲಲ್ಲಿ ಚೂರು ತೆಗೆದು ಪರೀಕ್ಷಿಸುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಖಚಿತವಾಗುವುದು ಆಗಲೇ. ಹೌದಾದರೂ ಎಲ್ಲವೂ ಒಂದೇ ಜಾತಿಯದಲ್ಲ. ನಿಧಾನದ್ದಾದರೆ ಆಗಾಗ ಪರೀಕ್ಷಿಸುತ್ತಾ ಕಣ್ಣಿಟ್ಟರೆ ಸಾಕಂತೆ. ಜೋರಿನದಾದರೆ ಆಪರೇಷನ್ನು ಇಲ್ಲವೇ ರೇಡಿಯೇಷನ್ನು, ಹರಡಿದ್ದರೆ ಹಾರ್ಮೋನು ತಗ್ಗಿಸುವ ಇಂಜೆಕ್ಷನ್ನು. ಆಮೇಲೆ ಕೆಲವರಿಗೆ ಮೂತ್ರ ಹಿಡಿಯಲಾಗದು, ಗಂಡಹೆಂಡಿರ ಸಂಗಕ್ಕೂ ತೊಂದರೆಯಾಗಬಹುದು. ಅತ್ತಿಗೆ ಇದನ್ನೆಲ್ಲ ಬರೆಯುತ್ತಾಳಲ್ಲ ಅಂತ ನಾಚಿಕೊಳ್ಳಬೇಡ. ನನಗೂ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಯಾಕೆಂದರೆ ಮಾವನವರನ್ನು ನೋಡಿಕೊಂಡವಳು ನಾನು. ಬೆನ್ನುನೋವು ಅಂತ ಒಂದು ವರ್ಷ ಎಣ್ಣೆ ತಿಕ್ಕಿಸಿಕೊಂಡರು. ಕೊನೆಗೆ ಆಸ್ಪತ್ರೆಗೆ ಎತ್ತಿಕೊಂಡು ಹೋದಾಗ ಇದೇ ಕಾಯಿಲೆ ಮೂಳೆಗೆ ಇಳಿದಿತ್ತು. ನೀನೇ ಹೆಗಲು ಕೊಟ್ಟಿದ್ದೆ, ಮರೆತೆಯಾ? ಅಪ್ಪನಿಗಿದ್ದರೆ ಮಕ್ಕಳು ಹೆಚ್ಚು ಎಚ್ಚರವಾಗಿರಬೇಕಂತೆ. ಎಚ್ಚರವಾಗಿರಬೇಕಾದ ಮಕ್ಕಳು ಚೀಟಿ ಅದಲುಬದಲು ಮಾಡಿಕೊಂಡು ಓಡಾಡುತ್ತಿದ್ದೀರಿ. ನಿಮ್ಮಪ್ಪನ ನರಳಾಟ ಇನ್ನೂ ನನ್ನ ಕಿವಿಯಲ್ಲಿದೆ. ಅದನ್ನು ಇನ್ನೊಂದು ಸಲ ಕೇಳುವ ಶಕ್ತಿ ನನಗಿಲ್ಲ.

ಸೋಮವಾರ ಬೆಳಿಗ್ಗೆಗೆ ಅದೇ ತಜ್ಞರ ಹತ್ತಿರ ಸಮಯ ತೆಗೆದುಕೊಂಡಿದ್ದೇನೆ, ನಿನ್ನ ಹೆಸರಿನಲ್ಲಿ. ಮೊನ್ನೆ ನಿನ್ನಣ್ಣ ಏನಂದರು ಗೊತ್ತಾ? ಅವನಿಗೆ ಅಂಥ ಸೂಜಿಯೆಲ್ಲ ಆಗಲ್ಲ, ಬೇಕಾದ್ರೆ ಅವನ ಬದಲು ನಾನೇ ಹೋಗ್ಬರ್ತೀನಿ ಅಂದರು. ತಮಾಷೆಗಲ್ಲ, ನಿಜವಾಗಿಯೇ ಅಂದರು. ಕೈಯಲ್ಲಿದ್ದ ಸೌಟನ್ನು ಎಸೆಯಬೇಕು ಅನ್ನಿಸಿತು, ಆಮೇಲೆ ಅಳು ಬಂತು. ಏನು ಮಾಡಲಿ ಇಂಥವರನ್ನು ಕಟ್ಟಿಕೊಂಡು, ನೀನೇ ಹೇಳು.

ಹೆಂಡತಿಗೆ ಇವತ್ತೇ ಹೇಳು. ಅವಳಿಂದ ಮುಚ್ಚಿಟ್ಟರೆ ನಾನೇ ಫೋನು ಮಾಡಿ ಹೇಳುತ್ತೇನೆ, ಅದೂ ಸ್ಪೀಕರಿನಲ್ಲಿ.

ನಿನ್ನ ಮೇಲೆ ಕೆಂಡದಂಥ ಸಿಟ್ಟಿರುವ,
ನಿನ್ನ ಒಳಿತನ್ನೇ ಬಯಸುವ
ಅತ್ತಿಗೆ

ಮರೆತಿದ್ದೆ: ಈ ಕಾಗದವನ್ನು ಷಟರಿನ ಸಂದಿಯಲ್ಲಿ ತೂರಿಸಿದ್ದು ಅಂಚೆಯವನಲ್ಲ, ನಿನ್ನಣ್ಣ. ಕೆಲಸದ ದಿನ ನಿನಗೆ ಹೇಗೆ ಬಿಡುವು ಸಿಕ್ಕಿತು ಅಂತ ಕೇಳಿ ನೋಯಿಸಬೇಡ. ನಿನ್ನೆ ಯಾರ್ಡಿಗೆ ಹೋಗಿ, ಆ ರಕ್ತ ನನ್ನದಲ್ಲ, ನನ್ನ ತಮ್ಮನದು ಅಂತ ತಾವೇ ಬರೆದುಕೊಟ್ಟು ಬಂದಿದ್ದಾರೆ. ಕ್ರೇನಿನ ಕೀಲಿಯನ್ನು ಕಂಪನಿಯವರು ಅಲ್ಲೇ ಇಟ್ಟುಕೊಂಡರಂತೆ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತಾರೆ, ನೋಡು. ನೀನು ಹೋಗಿ ಕರೆಯುವ ತನಕ ಅಲ್ಲಿಂದ ಏಳುವುದಿಲ್ಲ.