ಎರಡು ಪರದೆಗಳಲ್ಲಿ ಅಮ್ಮ

ಆಕ್ಲೆಂಡ್

ಪ್ರೀತಿಯ ಅಮ್ಮನಿಗೆ,

ನೀನು ತಿಂಗಳುಗಳಿಂದ ನೇಯುತ್ತಿರುವ ಬೆಲೆಬಾಳುವ ಕೇದಗೆ ಚಾಪೆಯನ್ನು ಮಾರಬೇಡ. ಅದನ್ನು ಮಾರಿ ದುಬಾರಿ ಕಂಪ್ಯೂಟರಿಗೆ ದುಡ್ಡು ಕಳಿಸೆಂದು ನಾನೇ ಹಟ ಹಿಡಿದಿದ್ದೆ. ನಮ್ಮ ಕಾರ್ಮಿಕ ಸಂಘದ ಭಿತ್ತಿಪತ್ರಗಳ ಬಣ್ಣ ಅಗ್ಗದ ಪರದೆಯಲ್ಲಿ ಸರಿಯಾಗಿ ಕಾಣುವುದಿಲ್ಲ ಎಂದಿದ್ದೆ.

ನಿನ್ನೆ ಕಂಪ್ಯೂಟರ್ ಅಂಗಡಿಯಲ್ಲಿ ಅಗ್ಗದ್ದು, ದುಬಾರಿಯದು ಎರಡನ್ನೂ ಹೋಲಿಸಿ ನೋಡಲು, ತಂಗಿ ಕಳಿಸಿದ ನಿನ್ನ ಫೋಟೊ ತೆರೆದೆ. ಅಗ್ಗದ ಪರದೆಯಲ್ಲಿ ನೀನು ಚಾಪೆ ನೇಯುತ್ತ ನಗುತ್ತಿದ್ದೆ. ದುಬಾರಿಯದರಲ್ಲಿ, ಕೇದಗೆಯ ಮುಳ್ಳು ಗೀರಿದ ನಿನ್ನ ಬೆರಳುಗಳೂ ಕಂಡವು. ನೋಡಲಾಗದೆ ತಲೆ ತಗ್ಗಿಸಿದೆ.

"ಏನಪ್ಪಾ ಕ್ರಾಂತಿಕಾರಿ, ಸಾಹುಕಾರರ ಪರದೆ ಮುಂದೆ ತಲೆ ತಗ್ಗಿಸಿಬಿಟ್ಯಲ್ಲ!" ಎಂದು ಅಲ್ಲಿ ಕೆಲಸಕ್ಕಿರುವ ನಮ್ಮ ದ್ವೀಪದ ಲುಪೆ ನಕ್ಕಳು.

ದುಡಿಯುವವರ ಕೈಗಳ ಬಗ್ಗೆ ಎಷ್ಟೆಲ್ಲ ಬರೆದಿದ್ದೇನೆ! ಅಗ್ಗದ್ದನ್ನೇ ತರುತ್ತೇನೆ. ಅದು ನಿನ್ನ ಚಾಪೆ ಉಳಿಯಲೆಂದೋ, ಆ ಗೀರುಗಳು ನನಗೆ ಕಾಣದಿರಲೆಂದೋ, ನನಗೇ ತಿಳಿಯದು.

ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊ.

ನಿನ್ನ ಮಗ,
ತಾವಿತ