ವೆಂಡೆಲ್ ನನಗೆ ಕೊಟ್ಟ ಬಂದೂಕು

17 ಫೆಬ್ರವರಿ 2001, ಶನಿವಾರ. ಡಲ್ಲಾಸ್, ಮೋಟೆಲ್

ಮಾಮೂಲಿನಂತೆ ವರ್ಷದ ಮೊದಲ ಗನ್ ಶೋ, ಬಂದೂಕುಗಳ ಸಂತೆ. ಹೆಂಡತಿ ಅನಸೂಯ ಕಟ್ಟಿಕೊಟ್ಟ ಚಪಾತಿ ಕಾರಿನಲ್ಲೇ ತಿಂದೆ. ಅವಳ ಪ್ರಕಾರ ಇದೆಲ್ಲ ಹುಚ್ಚು — ಮನೆಯ ಬಟ್ಟೆ ಕಪಾಟು ತುಂಬ ಗುಂಡು ಹಾರದ ಬಂದೂಕು. ಇರಲಿ.

ಹೊಸ ಪಿಸ್ತೂಲುಗಳ ಮೇಜು ದಾಟಿ ಎಂದಿನಂತೆ ಹಳೆಯವಿರುವ ಹಿಂದಿನ ಸಾಲಿಗೆ ಹೋದೆ. ಒಬ್ಬ ಮುದುಕ ಕೂತಿದ್ದರು. ಹೆಸರು ವೆಂಡೆಲ್. ಆಸ್ಟಿನ್‌ನವರು, ಶಾಲೆಯಲ್ಲಿ ಮಾಸ್ತರಾಗಿದ್ದವರು. ಅವರ ಮುಂದೆ ಬತ್ತಿ ಹಚ್ಚಿ ಹಾರಿಸುವ ಹಳೇ ನಮೂನೆಯ ಉದ್ದ ಬಂದೂಕು. ಕಬ್ಬಿಣ ವಯಸ್ಸಾಗಿ ಕಂದುಬಣ್ಣಕ್ಕೆ ತಿರುಗಿದೆ. ಮರದ ಹಿಡಿಯ ಸೀಳಿಗೆ ತಾಮ್ರದ ಪಟ್ಟಿ. ಬಗ್ಗಿ ನೋಡಿದೆ. ನಳಿಗೆಯ ಮೇಲೆ ಅಕ್ಷರ. ಕನ್ನಡ ಅಕ್ಷರ!

'ಶ್ರೀ ವೀರಭದ್ರ'. ಕೆಳಗೆ ಸವೆದ ಸಾಲು — '...ಗೌಡನ ಮಗ...' ಮುಂದಿನದು ತಿಳಿಯಲಿಲ್ಲ.

ಗಟ್ಟಿಯಾಗಿ ಓದಿದೆ. ಮುದುಕರು ಕುರ್ಚಿಯಿಂದ ಎದ್ದು ನಿಂತರು. "ಇದನ್ನ ಓದಬಲ್ಲವರು ಯಾರಾದರೂ ಸಿಗ್ತಾರೆ ಅಂತ ಅಂದುಕೊಂಡಿರಲಿಲ್ಲ" ಅಂದರು. ಅವರ ಅಜ್ಜ ಮಿಷನ್ ಡಾಕ್ಟರಾಗಿ ನಮ್ಮ ಸೀಮೆಯಲ್ಲಿ ಇದ್ದರಂತೆ. ವಾಸಿಯಾದ ರೋಗಿಯೊಬ್ಬ ಕೊಟ್ಟದ್ದು. ಮಾರಲಿಕ್ಕಲ್ಲ, ತೋರಿಸಲಿಕ್ಕೆ ಮಾತ್ರ ತಂದಿದ್ದಾರೆ.

ಕಂಪನಿ ಸರಕಾರ ಊರವರ ಹತಾರ ಕಸಿದುಕೊಂಡ ಕಥೆಯನ್ನು ಮುಧೋಳದಲ್ಲಿ ನಮ್ಮಜ್ಜ ಹೇಳುತ್ತಿದ್ದ. ನಮ್ಮ ಮನೆಯ ಬಂದೂಕೂ ಹೋಯಿತಂತೆ. ಅದೇ ಇದು ಅಂತಲ್ಲ. ಆದರೂ... ಆ ಸಾಲನ್ನು ಮತ್ತೆ ಮತ್ತೆ ಓದಿದೆ.

11 ಮಾರ್ಚ್, ಭಾನುವಾರ

ಆಸ್ಟಿನ್‌ಗೆ ಹೋಗಿಬಂದೆ, ವೆಂಡೆಲ್ ಮನೆಗೆ. ಈ ಸಲ ಮೋಹನರಾಜನೂ ಜೊತೆಗೆ. ಡಲ್ಲಾಸ್ ಪಕ್ಕದ ಸೌತ್‌ಲೇಕ್‌ನಿಂದ ನೇರ ಅಲ್ಲಿಗೇ ಬಂದ. ಆಸ್ಟಿನ್‌ನಲ್ಲಿ ಎಂ.ಎಸ್. ಮಾಡುವಾಗ ನಾವಿಬ್ಬರೂ ರೂಮ್‌ಮೇಟ್ಸ್. ಅವನು ಮೈಸೂರಿನವನು, ನಾನು ಮುಧೋಳದವನು. ಒಂದೇ ಕುಕ್ಕರಿನಲ್ಲಿ ಅವನ ಅನ್ನ, ನನ್ನ ಬೇಳೆ. ಈಗ ಅವನದೇ ಸಾಫ್ಟ್‌ವೇರ್ ಕಂಪನಿ. ಅನಸೂಯಳ ತಮ್ಮ ದುಷ್ಯಂತನಿಗೆ ಅಲ್ಲೇ ಕೆಲಸ ಕೊಟ್ಟು ವೀಸಾ ಮಾಡಿಸಿದವನೂ ಅವನೇ.

ವೆಂಡೆಲ್ ನಮ್ಮ ಮುಂದೆಯೇ ಹೇಳಿದರು: "ದಾನಪ್ಪ, ನನ್ನ ಮಗಳಿಗೆ ಇದರ ಮೇಲೆ ಆಸೆ ಇಲ್ಲ. ನಾನು ಈ ಮನೆ ಬಿಡೋ ದಿನ ಇದು ನಿಮ್ಮದು. ಒಂದೇ ಮಾತು ಕೊಡಿ. ಉಜ್ಜಬೇಡಿ, ಹೊಳಪು ಕೊಡಿಸಬೇಡಿ. ಆ ಕಂದುಬಣ್ಣವೇ ಅದರ ವಯಸ್ಸು."

ಮಾತು ಕೊಟ್ಟೆ. ಮೋಹನರಾಜ ಬೆನ್ನು ತಟ್ಟಿದ. "ಲಕ್ಕಿ ಕಣೋ ನೀನು!"

12 ಜೂನ್

ಪ್ರವಾಹ. ಹ್ಯೂಸ್ಟನ್ ಅರ್ಧ ನೀರಿನಲ್ಲಿ. ಕ್ಲಿಯರ್ ಲೇಕ್‌ನಲ್ಲಿ ನಮ್ಮ ಮನೆಗೂ ನುಗ್ಗಿತು. ಕಾರ್ಪೆಟ್ ಕಿತ್ತು ಹೊರಗೆ ಹಾಕಿದ್ದೇವೆ. ಬಂದೂಕುಗಳನ್ನೆಲ್ಲ ಮೊದಲೇ ಅಟ್ಟಕ್ಕೆ ಸಾಗಿಸಿದ್ದೆ, ಬಚಾವು. ಸೋಫಾ ಬಿಟ್ಟು ಬಂದೂಕು ಎತ್ತಿದ್ದಕ್ಕೆ ಅನಸೂಯ ಮಾತು ಬಿಟ್ಟಿದ್ದಾಳೆ.

ಈ ವಾರ ವೆಂಡೆಲ್ ಹತ್ತಿರ ಹೋಗಬೇಕಿತ್ತು. ಆಗುವುದಿಲ್ಲ. ಮೋಹನರಾಜ ಫೋನ್ ಮಾಡಿದ್ದ. "ನಂಗೆ ಆಸ್ಟಿನ್‌ನಲ್ಲಿ ಕ್ಲೈಂಟ್ ಇದಾರೆ, ಹೋಗ್ತಾ ಬರ್ತಾ ಇರ್ತೀನಿ. ಮುದುಕರನ್ನ ನಾನು ನೋಡ್ಕೋತೀನಿ ಬಿಡೋ. ನೀನು ಮನೆ ನೋಡು."

ಇಂಥ ಸ್ನೇಹಿತ ಎಲ್ಲರಿಗೂ ಸಿಗಲಿ.

9 ಸೆಪ್ಟೆಂಬರ್

ವೆಂಡೆಲ್ ಫೋನ್ ಕಟ್ ಆಗಿದೆ. ಕಾಗದ ಬರೆದೆ, ಉತ್ತರವಿಲ್ಲ. ಬೇಸರವಾಯಿತೇ ನನ್ನ ಮೇಲೆ? ಮೋಹನರಾಜನನ್ನು ಕೇಳಿದೆ. "ವಯಸ್ಸಾಯ್ತಲ್ವೇನೋ, ಮಗಳ ಮನೆಗೆ ಹೋಗಿರ್ಬೇಕು" ಅಂದ. ಬೇರೆ ಮಾತಿಗೆ ಹೋದ.

27 ಅಕ್ಟೋಬರ್, ಶನಿವಾರ. ಸೌತ್‌ಲೇಕ್‌ನಿಂದ ಬಂದ ಮೇಲೆ

ಬರೆಯಲು ಕೈ ಏಳುತ್ತಿಲ್ಲ.

ಮೋಹನರಾಜನ ಹೊಸ ಮನೆಯ ಗೃಹಪ್ರವೇಶ. ಕಾಪೆಲ್, ಪ್ಲೇನೋ, ಎಲ್ಲ ಕಡೆಯಿಂದ ಕನ್ನಡದ ಜನ. ಒಳಗೆ ಕಾಲಿಟ್ಟೆ. ಫೈರ್‌ಪ್ಲೇಸ್ ಮೇಲೆ ಬಂದೂಕು. ಮೊನ್ನೆಯ ಆಯುಧಪೂಜೆಯ ಕುಂಕುಮ ಇನ್ನೂ ಇದೆ, ಬಾಡಿದ ಸೇವಂತಿಗೆ ಇದೆ. ನಳಿಗೆ ಫಳಫಳ ಹೊಳೆಯುತ್ತಿದೆ. ಹೊಸ ಸ್ಟೀಲ್ ಲೋಟದ ಹಾಗೆ.

ಬೇರೆ ಯಾವುದೋ ಇರಬಹುದು ಅಂದುಕೊಂಡೆ. ಹತ್ತಿರ ಹೋದೆ. ಮರದ ಹಿಡಿಯಲ್ಲಿ ಅದೇ ಸೀಳು, ಅದೇ ತಾಮ್ರದ ಪಟ್ಟಿ. ಅಕ್ಷರ ಹುಡುಕಿದೆ. ಇಲ್ಲ. ವೀರಭದ್ರ ಇಲ್ಲ, ಗೌಡ ಇಲ್ಲ, ಮಗ ಇಲ್ಲ. ಪೂರ್ತಿ ಉಜ್ಜಿಸಿಬಿಟ್ಟಿದ್ದಾನೆ.

ಹಿಂದೆ ಅವನ ದನಿ. ಅಮೆರಿಕನ್ ಕ್ಲೈಂಟ್‌ಗಳಿಗೆ ವಿವರಿಸುತ್ತಿದ್ದ: ಇದು ನಮ್ಮ ಮುತ್ತಜ್ಜಂದು. ಮಹಾರಾಜರ ಸೈನ್ಯದಲ್ಲಿದ್ದರು. ತಲೆಮಾರಿನಿಂದ ನಮ್ಮ ಮನೆಯಲ್ಲೇ ಇದೆ...

ಬೇರೆಯವರ ಹೆಸರು ಹೇಳುವ ಆ ಅಕ್ಷರ ಇದ್ದರೆ ಈ ಕಥೆ ನಡೆಯುತ್ತಿರಲಿಲ್ಲ. ಓದಬಲ್ಲವರು ಅಲ್ಲಿ ಮನೆ ತುಂಬ ಇದ್ದರು. ಅದಕ್ಕೇ ಅಳಿಸಿದ.

ಗ್ಯಾರೇಜಿಗೆ ಕರೆದೆ.

"ಎಲ್ಲಿಂದ ತಂದಿ?"

"ವೆಂಡೆಲ್ ಕೊಟ್ರು ಕಣೋ. ನೀನು ಪ್ರವಾಹದಲ್ಲಿ ಬ್ಯುಸಿ ಇದ್ದೆ."

"ನನಗ ಕೊಟ್ಟಿದ್ರು."

"ನಿನ್ ಹತ್ರ ಒಂದು ಕಪಾಟು ತುಂಬ ಇದೆ. ನಂಗೆ ಈ ಒಂದು ಗೋಡೆಗೆ ಬೇಕಿತ್ತು. ಸೀನ್ ಮಾಡ್ಬೇಡ ಇವತ್ತು. ಊಟ ಮಾಡು, ಹೋಳಿಗೆ ಮಾಡ್ಸಿದೀನಿ."

ಊಟ ಮಾಡದೆ ಎದ್ದು ಬಂದೆ. ದಾರಿಯುದ್ದಕ್ಕೂ ಅನಸೂಯ ಏನೂ ಕೇಳಲಿಲ್ಲ. ಒಂದೇ ಒಂದು ಪ್ರಶ್ನೆಯನ್ನೂ.

4 ನವೆಂಬರ್, ಭಾನುವಾರ

ಅವರು ಹೋಗುತ್ತಿದ್ದ ಚರ್ಚ್‌ನಲ್ಲಿ ವಿಚಾರಿಸಿ ವೆಂಡೆಲ್‌ರನ್ನು ಪತ್ತೆ ಮಾಡಿದೆ. ಆಸ್ಟಿನ್‌ನಲ್ಲೇ, ವೃದ್ಧಾಶ್ರಮದಲ್ಲಿ. ಜೂನ್‌ನಲ್ಲಿ ಬಿದ್ದು ಸೊಂಟ ಮುರಿದಿತ್ತಂತೆ. ನನ್ನನ್ನು ಕಂಡು ಎರಡೂ ಕೈ ಚಾಚಿದರು.

"ಹೇಗಿದೆ ನಿಮ್ಮ ಬಂದೂಕು? ನಿಮ್ಮ ಸ್ನೇಹಿತ ಹೇಳಿದ, ದಾನಪ್ಪ ಕಳಿಸಿದ್ದಾನೆ, ಮನೆಯಲ್ಲಿ ನೀರು, ಬರಲಾಗಲಿಲ್ಲ ಅಂತ. ಆಮೇಲೆ ಫೋನ್ ಮಾಡಿ ಹೇಳಿದ — ಕೈಗೆ ಕೊಟ್ಟಾಗ ನೀವು ಅತ್ತಿರಂತೆ!"

ನನ್ನ ಹೆಸರು ಹೇಳಿ ತೆಗೆದುಕೊಂಡಿದ್ದಾನೆ. ಕದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಪಕ್ಕದಲ್ಲಿ ಮಗಳು ಕ್ಯಾರೊಲ್ ನಗುತ್ತ ಕೂತಿದ್ದಳು. ಏನು ಹೇಳಲಿ? ಮುದುಕರ ಮುಖದಲ್ಲಿ ಅಷ್ಟು ಬೆಳಕು.

"ಚೆನ್ನಾಗಿದೆ ಸರ್" ಅಂದೆ.

5 ನವೆಂಬರ್

ಅನಸೂಯಳಿಗೆ ಎಲ್ಲ ಹೇಳಿದೆ. ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಿನಗ ಮೊದಲ ಗೊತ್ತಿತ್ತೇನು?"

"...ಗೊತ್ತಿತ್ತು. ರಮಾ ಫೋನಿನಾಗ ಹೇಳಿದ್ಲು. ಶ್ರಾವಣದಾಗ."

ರಮಾ, ಮೋಹನರಾಜನ ಹೆಂಡತಿ. ಶ್ರಾವಣದಿಂದ ಗೊತ್ತು. ನಾನು ವೆಂಡೆಲ್ ಉತ್ತರಕ್ಕಾಗಿ ದಿನಾ ಮೇಲ್‌ಬಾಕ್ಸ್ ತೆಗೆಯುತ್ತಿದ್ದುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಲೇ ಇದ್ದಳು.

"ನನಗ ಹೇಳಬೇಕನಸಲಿಲ್ಲ?"

"ಹೆಂಗ ಹೇಳಲ್ರಿ? ದುಷ್ಯಂತನ ಗ್ರೀನ್ ಕಾರ್ಡ್ ಕಾಗದ ಎಲ್ಲಾ ಅವರ ಕೈಯಾಗ ಅದಾವ. ಎಲ್ಲಾ ಕಡೆ ಲೇಆಫ್ ನಡದೈತಿ. ಒಂದು ಹಳೇ ಕಬ್ಬಿಣಕ್ಕಾಗಿ ನನ್ನ ತಮ್ಮನ ಬಾಳೇವು ಹಾಳು ಮಾಡಲೇನು?"

ಅವಳ ಮಾತಿನಲ್ಲಿ ತಪ್ಪಿಲ್ಲ. ಅದೇ ಸಂಕಟ. ಪಕ್ಕದ ರೂಮಿನಲ್ಲಿ ಮಲಗುತ್ತಿದ್ದೇನೆ.

10 ಜನವರಿ 2002

ವೆಂಡೆಲ್ ತೀರಿಕೊಂಡರು. ಕ್ಯಾರೊಲ್ ಫೋನ್. ಶನಿವಾರ ಪ್ರಾರ್ಥನೆ. "ಆ ಬಂದೂಕು ತರ್ತೀರಾ? ಅಪ್ಪನ ಫೋಟೋ ಪಕ್ಕ ಇಡೋಣ ಅಂತ. ಕೊನೇ ವಾರ ಅದರ ಮಾತೇ ಆಡ್ತಿದ್ರು."

ಎರಡು ತಿಂಗಳಿಂದ ಮಾತು ಬಿಟ್ಟಿದ್ದ ಮೋಹನರಾಜನಿಗೆ ಫೋನ್ ಮಾಡಿದೆ. ಮೊದಲು ಆಗಲ್ಲ ಅಂದ. "ಹಂಗಾದ್ರ ನಿನ್ನ ನಂಬರ್ ಕ್ಯಾರೊಲ್‌ಗೆ ಕೊಡ್ತೀನಿ, ನೀನ ಹೇಳು" ಅಂದೆ. ದಾರಿಗೆ ಬಂದ. ತಾನೇ ತರುತ್ತಾನಂತೆ, ತಾನೇ ವಾಪಸ್ ಒಯ್ಯುತ್ತಾನಂತೆ. "ಅಲ್ಲಿ ಏನೂ ಬಾಯಿ ಬಿಡ್ಬೇಡ ಕಣೋ, ಪ್ಲೀಸ್."

12 ಜನವರಿ, ಶನಿವಾರ. ಆಸ್ಟಿನ್

ಚರ್ಚ್ ಹಾಲ್. ಬಂದೂಕಿಗೆ ಸುತ್ತಿದ್ದ ಬಟ್ಟೆಯನ್ನು ಕ್ಯಾರೊಲ್ ಬಿಡಿಸಿದಳು. ಹೊಳೆಯುವ ನಳಿಗೆ ನೋಡಿ ಅವಳ ಮುಖದ ಬಣ್ಣವೇ ಇಳಿಯಿತು. ಬೆರಳಿನಿಂದ ಅಕ್ಷರ ಇದ್ದ ಜಾಗ ಸವರಿದಳು. ನನ್ನ ಕಡೆ ತಿರುಗಿದಳು.

"ಅಪ್ಪನಿಗೆ ಮಾತು ಕೊಟ್ಟಿದ್ದಿರಿ. ಯಾಕೆ ಹೀಗೆ ಮಾಡಿಸಿದ್ರಿ?"

ಮೋಹನರಾಜ ನನ್ನ ಪಕ್ಕದಲ್ಲೇ ನಿಂತಿದ್ದ. ಅವನನ್ನು ನೋಡಿದೆ. ಕಾದೆ. ಒಂದು ಮಾತು ಆಡಿದ್ದರೂ ಸಾಕಿತ್ತು, ಎಲ್ಲ ಮರೆತುಬಿಡುತ್ತಿದ್ದೆ. ಅವನು ಟೈ ಸರಿಮಾಡಿಕೊಂಡ.

ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಅವನ ಎದುರೇ.

ಕ್ಯಾರೊಲ್ ಬಟ್ಟೆ ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ ಬಂದೂಕು ಎತ್ತಿ ನನ್ನ ಕೈಯಲ್ಲಿಟ್ಟಳು. "ಅಪ್ಪ ಕೊಟ್ಟದ್ದು ನಿಮಗೆ." ಅವನಿಗೆ ಬಾಗಿಲು ತೋರಿಸಿದಳು.

ಪಾರ್ಕಿಂಗ್ ಲಾಟ್‌ನಲ್ಲಿ ಕಾದು ನಿಂತಿದ್ದ. "ಒಳ್ಳೇದಾಯ್ತು ದಾನಪ್ಪ. ಇಪ್ಪತ್ತು ವರ್ಷದ ಸ್ನೇಹಕ್ಕೆ ಒಳ್ಳೇ ಮರ್ಯಾದೆ ಮಾಡ್ದೆ." ಅಂದವನು ಅವನು!

14 ಜನವರಿ, ಸೋಮವಾರ. ಸಂಕ್ರಾಂತಿ

ರಜೆ ಹಾಕಿದ್ದೇನೆ. ಬಂದೂಕು ಊಟದ ಮೇಜಿನ ಮೇಲಿದೆ. ಕಿಟಕಿ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದೆ. ಒಂದು ಗೀರೂ ಇಲ್ಲ. ಅದನ್ನು ಕಂಡರೆ ಏನೂ ಅನ್ನಿಸುತ್ತಿಲ್ಲ — ಅಂಗಡಿಯ ಕೊಳವೆ ಕಂಡ ಹಾಗೆ.

ಬೆಳಿಗ್ಗೆ ದುಷ್ಯಂತ ಫೋನ್ ಮಾಡಿದ್ದ. ಮೋಹನರಾಜ ತನ್ನ ಕ್ಯಾಬಿನ್‌ಗೆ ಬಾ ಅಂದಿದ್ದಾನಂತೆ. ಎಚ್.ಆರ್.ನವರೂ ಇರುತ್ತಾರಂತೆ. "ಏನಾಗೈತಿ ಭಾವಾ, ನಿಮಗೇನರ ಗೊತ್ತೈತೇನು?" ಅಂದ. ಪಾಪದ ಹುಡುಗ, ಅವನಿಗೆ ಬಂದೂಕಿನ ಸುದ್ದಿಯೇ ಗೊತ್ತಿಲ್ಲ.

ಅನಸೂಯ ಎಳ್ಳು ಬೆಲ್ಲದ ತಟ್ಟೆ ತಂದು ಮೇಜಿನ ಮೇಲಿಟ್ಟಳು. ಬಂದೂಕಿನ ಪಕ್ಕದಲ್ಲೇ.

"ಸಿಕ್ತಲ್ರಿ ನಿಮ್ಮ ಬಂದೂಕು" ಅಂದಳು. ಸಿಟ್ಟಿಲ್ಲ ಆ ದನಿಯಲ್ಲಿ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಫೋನ್ ಹೊಡೆದುಕೊಳ್ಳುತ್ತಿದೆ. ಅವಳು ಎತ್ತುತ್ತಿಲ್ಲ, ನನ್ನನ್ನೇ ನೋಡುತ್ತ ನಿಂತಿದ್ದಾಳೆ. ದುಷ್ಯಂತನೇ ಇರಬೇಕು. ಬರೆಯುವುದು ನಿಲ್ಲಿಸಿ ನಾನೇ ಎತ್ತಬೇಕು.