ಲೈಟ್‌ಹೌಸಿಗೆ ಹೇಳಿದ ಮಾತು

ಅಕ್ಕಾ, ನಮಸ್ಕಾರ. ಮೊಣಕಾಲು ನೋವು ನಿನ್ನ ಎಣ್ಣೆಗೆ ಇಳಿದಿದೆ.

ಸ್ಟುಡಿಯೋದಲ್ಲಿ ಮೂವತ್ತು ವರ್ಷ ಬರೀ ಮುಖಗಳ ಫೋಟೋ ತೆಗೆದ ನಾನು, ಮನುಷ್ಯರೇ ಇಲ್ಲದ ಒಂದು ಫೋಟೋ ತಂದೇ ತರುತ್ತೇನೆಂದು ಭಾವನ ಮುಂದೆ ಜಂಬ ಕೊಚ್ಚಿದ್ದೆನಲ್ಲ? ನಿನ್ನೆ ಮುಸ್ಸಂಜೆ ಕಡಲಂಚಿನ ಹಳೇ ಲೈಟ್‌ಹೌಸಿನ ಮುಂದೆ ನಿಂತೆ. ಸುಣ್ಣವೆಲ್ಲ ಉದುರಿ, ಪಾಪ, ಒಂದು ಪಕ್ಕಕ್ಕೆ ವಾಲಿದೆ. ಹಳೇ ಚಾಳಿ ನೋಡು, "ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ, ಗದ್ದ ಮೇಲೆ!" ಎಂದು ಅದಕ್ಕೇ ಕೂಗಿಬಿಟ್ಟೆ. ಬಾಗಿಲಲ್ಲಿ ತೂಕಡಿಸುತ್ತಿದ್ದ ಮುದುಕ ಕಾವಲುಗಾರ ದಡಕ್ಕನೆ ಎದ್ದು, ಅಂಗಿಯ ಗುಂಡಿ ಹಾಕಿಕೊಂಡು, ಗದ್ದ ಎತ್ತಿ ನಿಂತ. ಬೇಡವೆನ್ನಲು ಮನಸ್ಸಾಗದೆ ಕ್ಯಾಮೆರಾ ಅವನತ್ತಲೇ ತಿರುಗಿಸಿದೆ. ಅವನದೊಂದು ಫೋಟೋ ತೆಗೆಯುವಷ್ಟರಲ್ಲಿ ಬೆಳಕೂ ಹೋಯಿತು.

"ಪಾಸ್‌ಪೋರ್ಟ್ ಸೈಜಲ್ಲಿ ಎಂಟು ಕಾಪಿ ಕೊಡಿ ಸಾರ್. ಹಿಂದಿರೋ ಲೈಟ್‌ಹೌಸ್ ಮಾತ್ರ ಬೇಡ" ಅಂದ.

ಭಾವನಿಗೆ ತೋರಿಸಬೇಡ. ಈ ಕಾರ್ಡು ಅವರ ಕೈಗೇ ಮೊದಲು ಸಿಕ್ಕಿದ್ದರೆ, ಭಾವ, ನಗಬೇಡಿ.

ನಿನ್ನ ತಮ್ಮ